ಟೆಲಿಫೋನಿನ ಕಿವಿ, ಸೈಕಲ್ಲಿನ ದೀಪ

ಆಗ ನನಗೆ ಅರವತ್ತಮೂರು. ಅದಾಗಿ ಏಳು ವರ್ಷವಾಯಿತು. ಈ ಮಾತು ಈಗೇಕೆ ಬಂತೆಂದರೆ, ಮೊನ್ನೆ ಹಳಿಯಾಳದ ಸಂತೆಯಲ್ಲಿ ಒಂದು ಟೆಲಿಫೋನು ಕಂಡೆ. ಗುಜರಿಯವನ ಗಾಡಿಯ ಮೇಲೆ ತುಕ್ಕು ಹಿಡಿದ ಬಾಣಲೆ, ಕಾಲು ಮುರಿದ ಸ್ಟೂಲುಗಳ ನಡುವೆ ಕುಳಿತಿತ್ತು. ಕರಿಯದು, ಬೆರಳು ಹಾಕಿ ತಿರುವುವಂಥದು. ನಾನು ಮೆಣಸಿನಕಾಯಿಗೆಂದು ಹೋದವಳು. ಕೈ ನನ್ನನ್ನು ಕೇಳದೆ ಅದರ ರಿಸೀವರ್ ಎತ್ತಿಕೊಂಡು, ಕಿವಿಗೆ ಹಿಡಿಯುವ ಕಡೆಯ ಮುಚ್ಚಳ ತಿರುವತೊಡಗಿತು.

"ಏ ಆಯಿ, ಯಾರಿಗೆ ಫೋನ್ ಹಚ್ಚಾಕತ್ತಿ? ಮ್ಯಾಲೆ ಹೋದ ಯಜಮಾನಗೇನ?" ಅಂದ ಗುಜರಿಯವನು.

"ಅಂವ ಇಲ್ಲೇ ಇದ್ದಾಗ ನನ್ನ ಮಾತು ಕೇಳಲಿಲ್ಲ. ಈಗೇನ ಕೇಳ್ತಾನ? ಇದರ ಕಿವಿ ಚಲೋ ಐತೇನ ಹೇಳು."

"ಸತ್ತ ಫೋನಿಗೆ ಕಿವಿ ಚಲೋ ಇದ್ರೇನು, ಬಿಟ್ರೇನು!"

ಅವನಿಗೆ ವಿವರಿಸುತ್ತ ನಿಲ್ಲಲಿಲ್ಲ. ಕೊಂಡು ಚೀಲಕ್ಕೆ ಹಾಕಿದೆ. ಮೆಣಸಿನಕಾಯಿ ಮರೆತೇ ಹೋಯಿತು. ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ಪುರುಸೊತ್ತಿರಬೇಕು, ಇಲ್ಲದಿದ್ದರೆ ಇಲ್ಲಿಯವರೆಗೆ ಓದುತ್ತಿರಲಿಲ್ಲ.

ನಾನು ಮೌತ್ ಆರ್ಗನ್ ನುಡಿಸುವವಳು. ನಗುವುದಿದ್ದರೆ ಈಗಲೇ ನಕ್ಕುಬಿಡಿ. ನಮ್ಮೂರು ತೇರಗಾಂವದಿಂದ ಆಚೆ, ಕಾಡಿನ ಅಂಚಿಗೆ. ನಾವು ಸಿದ್ದಿಗಳು, ಹಿಂದೆಂದೋ ಆಫ್ರಿಕಾದಿಂದ ಬಂದವರ ಪೀಳಿಗೆ, ಇಗರ್ಜಿಗೆ ಹೋಗುವ ಕ್ರಿಸ್ತರ ಮನೆಯವರು. ನನ್ನ ಗಂಡ ಬಸ್ತ್ಯಾಂವ ದಾಂಡೇಲಿಗೆ ಬಿದಿರು ಸಾಗಿಸುವ ಲಾರಿಗಳ ಮೇಲೆ ಹಮಾಲಿ ಮಾಡುತ್ತಿದ್ದ. ಒಮ್ಮೆ ಇಗರ್ಜಿಯ ಹಬ್ಬ ಫೆಸ್ತಿಗೆಂದು ಗೋವೆಗೆ ಹೋದವನು ಈ ಬಾಜಾ ತಂದ. ಹತ್ತು ತೂತಿನದು, ಅಂಗೈಯಲ್ಲಿ ಅಡಗುವಷ್ಟು. ಅವನಿಗೆ ಬರುತ್ತಿದ್ದದ್ದು ಒಂದೇ ಹಾಡು, ಅದೂ ಅರ್ಧ. ಆ ಅರ್ಧ ಹಾಡನ್ನು ನಮ್ಮ ಸಂಸಾರದ ಉದ್ದಕ್ಕೂ ಕೇಳಿದೆ. ಅವನು ಸತ್ತ ಮೇಲೆ ನೆನಪಿಗೆಂದು ಎತ್ತಿಕೊಂಡೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಪ್ಪಿನಕಾಯಿ ಭರಣಿಯ ಮುಚ್ಚಳ ಹುಡುಕುತ್ತಿದ್ದಾಗ ಸಿಕ್ಕಿತು. ಉಳಿದರ್ಧ ಹಾಡು ಹೇಗಿರಬಹುದು ನೋಡೋಣವೆಂದು ಬಾಯಿಗಿಟ್ಟೆ.

ಅವನು ಊದುತ್ತಿದ್ದ. ನಾನು ಎಳೆದೆ. ಹುಟ್ಟಿದಾಗಿನಿಂದ ಒಲೆ ಊದಿ ಊದಿ ನನಗೆ ಊದುವುದೆಂದರೆ ಸಾಕಾಗಿತ್ತು. ಈ ಬಾಜಾದಲ್ಲಿ ಒಂದು ಅನುಕೂಲವಿದೆ, ಉಸಿರನ್ನು ಒಳಗೆ ಎಳೆದರೂ ಅದು ನುಡಿಯುತ್ತದೆ, ಬೇರೆ ಸ್ವರ ಕೊಡುತ್ತದೆ. ಎಳೆಯುತ್ತ ನಾಲಿಗೆಯನ್ನು ಸ್ವಲ್ಪ ಹಿಂದಕ್ಕೆ ಒಯ್ದರೆ ಆ ಸ್ವರ ಕೆಳಗೆ ಬಾಗುತ್ತದೆ. ಹಟ ಹಿಡಿದ ಎಮ್ಮೆಯ ಹಗ್ಗ ಜಗ್ಗಿದ ಹಾಗೆ. ಬರುವುದಿಲ್ಲ, ಬರುವುದಿಲ್ಲ, ಬಂತು. ಅದರ ರುಚಿ ಹತ್ತಿತು. ಕಟ್ಟಿಗೆಗೆ ಹೋಗುವಾಗ ಸೆರಗಿನ ಗಂಟಿನಲ್ಲಿ ಅದೇ, ಬಸ್ಸಿನಲ್ಲಿ ಅದೇ. ಉಳಿದರ್ಧ ಹಾಡು ಇನ್ನೂ ಸಿಕ್ಕಿಲ್ಲ. ಹುಡುಕುವುದನ್ನೂ ಬಿಟ್ಟಿದ್ದೇನೆ.

ಇನ್ನು ಶನಿವಾರದ ಮಾತು. ದಾಂಡೇಲಿ ಹತ್ತಿರ ಹೊಳೆದಂಡೆಯ ಒಂದು ರೆಸಾರ್ಟಿನಲ್ಲಿ ಪ್ರತಿ ಶನಿವಾರ ಸಂಜೆ ಚಹಾದ ಹೊತ್ತಿಗೆ ನಮ್ಮ ಕುಣಿತ ಇರುತ್ತಿತ್ತು. ನನ್ನ ತಮ್ಮ ಇನಾಸ ಡಮಾಮಿ ಬಾರಿಸುವವನು. ಡಮಾಮಿ ನಮ್ಮ ಜನರ ವಾದ್ಯ, ಎರಡೂ ಬದಿಗೆ ತೊಗಲು ಬಿಗಿದದ್ದು. ನಾವು ಆರು ಮಂದಿ ಹೆಂಗಸರು ಕುಣಿಯುವವರು. ಊರಿನಲ್ಲಿ ಡಮಾಮಿಗೆ ಕುಣಿಯುವುದೆಂದರೆ ಉಟ್ಟ ಸೀರೆಯಲ್ಲೇ, ಕುಣಿಯಬೇಕು ಅನಿಸಿದಾಗ. ರೆಸಾರ್ಟಿನಲ್ಲಿ ಹಾಗಲ್ಲ. ಅಲ್ಲಿಯ ಮ್ಯಾನೇಜರರು ಮೈಸೂರು ಕಡೆಯವರು. ಕೆಟ್ಟವರಲ್ಲ, ಆದರೆ ನಾವು ಮೊನ್ನೆ ಮೊನ್ನೆ ಮರದಿಂದ ಇಳಿದು ಬಂದವರು ಎಂದು ಅವರ ತಲೆಯಲ್ಲಿ ಕುಳಿತಿತ್ತು. ಸೀರೆಯ ಮೇಲೆ ಸುತ್ತಿಕೊಳ್ಳಲು ಸೊಪ್ಪಿನ ಲಂಗ ಹೊಲಿಸಿದ್ದರು. ಸೊಪ್ಪು ಅಂದರೆ ಪ್ಲಾಸ್ಟಿಕ್ಕಿನ ಸೊಪ್ಪು. ಯಾವ ಗಿಡದ್ದೆಂದು ಕೇಳಬೇಡಿ. ಇಷ್ಟು ವರ್ಷ ಕಾಡಿನಲ್ಲಿ ತಿರುಗಿದ ನನಗೇ ಗೊತ್ತಾಗಲಿಲ್ಲ. ಸೊಂಟಕ್ಕೆ ನಾಲ್ಕು ಬೆರಳಗಲದ ಇಲಾಸ್ಟಿಕ್ ಪಟ್ಟಿ, ಜಿಗಣೆಯ ಹಾಗೆ ಕಚ್ಚುತ್ತಿತ್ತು. ಹೊಲಿಸಿದ ಖರ್ಚನ್ನು ನಮ್ಮ ಕೂಲಿಯಲ್ಲೇ ಮುರಿದುಕೊಂಡಿದ್ದರು, ಹಾಗಾಗಿ ಲಂಗಗಳು ನಮ್ಮವೇ. ತೊಳೆದು ಒಣಗಿಸುವ ಕೆಲಸ ನನ್ನ ಪಾಲಿಗೆ ಬಂದದ್ದರಿಂದ ಆರೂ ನಮ್ಮ ಮನೆಯ ಮಂಚದ ಕೆಳಗೆ ಗಂಟಿನಲ್ಲಿರುತ್ತಿದ್ದವು.

ಆ ವರ್ಷ ನನ್ನ ಮೊಣಕಾಲು ಕೈಕೊಟ್ಟಿತ್ತು. ಎರಡು ಕುಣಿತದ ನಡುವೆ ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಕುಳಿತು ಬಾಜಾ ಎಳೆಯುತ್ತಿದ್ದೆ. ಸಮೀರನ ಕಿವಿಗೆ ನನ್ನ ಬಾಜಾ ಬಿದ್ದದ್ದು ಅಲ್ಲೇ. ಸಮೀರ ಧಾರವಾಡದ ಹುಡುಗ, ಅಂದರೆ ನನಗೆ ಹುಡುಗ, ಗಡ್ಡ ನರೆಯತೊಡಗಿತ್ತು. ನಮ್ಮ ಕುಣಿತ ಮುಗಿದ ಮೇಲೆ ಅವನದು ಗಿಟಾರು, ಜೊತೆಗೆ ಒಬ್ಬ ಡ್ರಮ್ಮಿನವನು. ಕೈ ಒರೆಸಿಕೊಳ್ಳುತ್ತ ಬಂದವನು ಅಲ್ಲೇ ನಿಂತ.

"ಆಯಿ, ಹಿಂಗ ಎಳದು ಬಾರಿಸೂದು ಯಾರ್ ಕಲಿಸಿದ್ರು?"

"ಒಲಿ," ಅಂದೆ.

"ಒಲಿ?"

"ಊದಾಕ ಅದೈತಿ. ಇದನ್ನ ಎಳೀತೇನಿ."

ಅವನು ಕಟ್ಟೆಯ ಮೇಲೆ ಕುಳಿತೇಬಿಟ್ಟ. "ಆಯಿ, ಇದಕ್ಕ ಬ್ಲೂಸ್ ಅಂತಾರ. ಅಮೇರಿಕಾದಾಗ ನಿಮ್ಮಂಥಾ ಕರಿ ಮಂದೀನ ಇದನ್ನ ಹಿಂಗ ಎಳದು ಬಾರಿಸಾಕ ಸುರು ಮಾಡಿದ್ದು. ನೀವು ಯಾರ ಕಡಿಂದನೂ ಕಲೀಲಿಲ್ಲ ಅಂದ್ರ, ಇದು ನಿಮ್ಮ ರಕ್ತದಾಗ ಐತಿ."

"ನನ್ನ ರಕ್ತದಾಗ ಸಕ್ಕರಿ ಐತಿ ಅಂತ ದಾಂಡೇಲಿ ಡಾಕ್ಟರ್ ಹೇಳ್ಯಾನ. ಬ್ಯಾರೆ ಏನೂ ಹೇಳಿಲ್ಲ."

ಅವನಿಗೆ ನಗು ತಡೆಯಲಾಗಲಿಲ್ಲ. ಆದರೆ ಬಿಡುವ ಗಿರಾಕಿ ಅಲ್ಲ. ಅವತ್ತೇ ಮ್ಯಾನೇಜರರ ಹತ್ತಿರ ಕರೆದುಕೊಂಡು ಹೋಗಿ, ಈ ಆಯಿ ಇನ್ನು ಕುಣಿಯುವುದು ಬೇಡ, ನನ್ನ ಪಕ್ಕ ಕುಳಿತು ನುಡಿಸಲಿ ಅಂದ. ಮ್ಯಾನೇಜರರು ನನ್ನನ್ನೂ ಬಾಜಾವನ್ನೂ ನೋಡಿದರು.

"ಅಜ್ಜಿ, ಇದು ಮಕ್ಕಳ ಪೀಪಿ ಥರ ಇದೆ. ಡ್ರಮ್ಮು ಗಿಟಾರ್ ಮಧ್ಯೆ ಯಾರಿಗೆ ಕೇಳುತ್ತೆ? ಬರೋ ತಿಂಗಳ ಮೊದಲನೇ ಶನಿವಾರ ಒಂದೇ ಒಂದು ಹಾಡು ನುಡಿಸಿ, ನೋಡೋಣ. ಗೆಸ್ಟುಗಳು ತಿರುಗಿ ನೋಡಿದರೆ ಆಮೇಲೆ ನಿಮಗೆ ಕುರ್ಚಿ. ನೋಡಲಿಲ್ಲ ಅಂದ್ರೆ ಸೊಪ್ಪು ಸುತ್ಕೊಂಡು ಸುಮ್ನೆ ಲೈನಿಗೆ ಬನ್ನಿ. ಆಯ್ತಾ?"

"ಆತ್ರಿ. ಕುರ್ಚಿ ಕೈ ಇಲ್ಲದ್ದು ಇರ್ಲಿ. ಮೊಣಕೈಗೆ ಅಡ್ಡ ಬರ್ತಾವ," ಅಂದೆ.

ಧೈರ್ಯ ಅಂದುಕೊಳ್ಳಬೇಡಿ. ಮೊಣಕಾಲು ನೋವು ಮನುಷ್ಯನಿಂದ ಏನು ಬೇಕಾದರೂ ಮಾತಾಡಿಸುತ್ತದೆ.

ಅಲ್ಲಿಂದ ಶುರುವಾಯಿತು ನೋಡಿ ಈ ಮೈಕಿನ ಹುಚ್ಚು. ಮೈಕು ಎಂದರೆ ಮೈಕು, ಎಲ್ಲ ಒಂದೇ ಎಂದು ತಿಳಿದಿದ್ದೆ. ಮುಂದಿನ ಶನಿವಾರ ಕುಣಿತಕ್ಕೆ ಮೊದಲು ಸಮೀರ ನನ್ನ ಎದುರು ಹಾಡುಗಾರರ ಮೈಕು ನಿಲ್ಲಿಸಿದ. ಹೊಳೆಯುವ ತಲೆ, ಉದ್ದನೆಯ ಕೋಲು. ಬಾಜಾ ಎಳೆದರೆ ಸೊಳ್ಳೆ ಕೂಗಿದ ಹಾಗಾಯಿತು. ಎಲ್ಲ ಸ್ವರವೂ ಸ್ವಚ್ಛ, ತೊಳೆದಿಟ್ಟ ಚಮಚೆಗಳ ಹಾಗೆ, ಒಂದರಲ್ಲೂ ಜೀವವಿಲ್ಲ. ಕೈಯಲ್ಲಿ ಹಿಡಿದು ನೋಡಿದೆ. ಅದರ ಗುಂಡು ತಲೆ, ಉದ್ದ ಬಾಲ, ಮೇಲೆ ಬಾಜಾ, ಎಲ್ಲ ಸೇರಿ ಎರಡು ಕೈಗೆ ಒಗ್ಗಲೇ ಇಲ್ಲ. ಸ್ವಲ್ಪ ಹತ್ತಿರ ಒಯ್ದರೆ ಸ್ಪೀಕರು ಕುಂಯ್ ಎಂದು ಕಿರುಚುತ್ತಿತ್ತು. ಆಮೇಲೆ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ತಂದರು. ಅದು ಬಾಜಾ ಬಿಟ್ಟು ಉಳಿದದ್ದನ್ನೆಲ್ಲ ಕೇಳಿಸಿಕೊಂಡಿತು. ನನ್ನ ಏದುಸಿರು, ಮಧ್ಯಾಹ್ನದ ತೇಗು, ಬಳೆ. ಪಾತ್ರೆ ತೊಳೆಯುವವಳು ಬಾಗಿಲವರೆಗೆ ಬಂದು ನಕ್ಕು ಹೋದಳು. ಎದುರಿಗೆ ನಿಂತು ನಕ್ಕಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಬಾಗಿಲ ಮರೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಅದರ ಮರುವಾರ ಸಮೀರ ಧಾರವಾಡದಿಂದ ಇನ್ನೊಂದು ಮೈಕು ತಂದ, ಹಸುಗೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿ. ಮುಂದೆ ದುಂಡಗೆ ಜಾಳಿಗೆ, ಹಿಂದಕ್ಕೆ ಹೋದಂತೆ ಸಣ್ಣಗಾಗಿ ಬಂದೂಕಿನ ಗುಂಡಿನ ಆಕಾರ. ಪರದೇಶದ್ದು, ಬಹುಶಃ ನನಗಿಂತ ಹಿರಿಯದು. ಅದು ಮಾತಿಗೆಂದು ಮಾಡಿದ ಮೈಕಂತೆ, ಸಂಗೀತಕ್ಕಲ್ಲ. ಬ್ಲೂಸಿನವರು ಹುಡುಕಿ ಹುಡುಕಿ ಅದನ್ನೇ ಕೊಳ್ಳುತ್ತಾರಂತೆ.

"ಆಯಿ, ಬಾಜಾ ಮತ್ತ ಮೈಕ ಎರಡೂ ಕೂಡಿಸಿ ಬೊಗಸಿಯೊಳಗ ಹಿಡೀರಿ. ಗಾಳಿ ಎಲ್ಲೂ ಸೋರಬಾರದು."

ಹೊಳೆಯಲ್ಲಿ ನೀರು ಮೊಗೆದು ಕುಡಿಯುವಾಗ ಹಿಡಿಯುವಂತೆ ಹಿಡಿದೆ. ಎಳೆದೆ. ಬಾಜಾದ ದನಿ ಬರಲಿಲ್ಲ. ನನ್ನ ಬೆನ್ನ ಹಿಂದೆ ಯಾವುದೋ ದೊಡ್ಡ ಪ್ರಾಣಿ ನಿಂತು ಗಂಟಲು ಸರಿಮಾಡಿಕೊಂಡಿತು. ತಿರುಗಿ ನೋಡಿದೆ, ಸುಳ್ಳಲ್ಲ. ಸ್ಪೀಕರ್ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ.

ಸಮೀರ ಮೈಕನ್ನೂ ಬ್ಯಾಟರಿ ಹಾಕುವ ಸಣ್ಣ ಸ್ಪೀಕರನ್ನೂ ನನ್ನ ಹತ್ತಿರ ಬಿಟ್ಟುಹೋದ, ಮನೆಯಲ್ಲಿ ರೂಢಿ ಮಾಡಿಕೊಳ್ಳಿ ಎಂದು. ಆ ದಿನಗಳಲ್ಲಿ ನನಗೆ ಕುಳಿತಲ್ಲಿ ಕೂರಲು ಆಗಲಿಲ್ಲ, ನಿಂತಲ್ಲಿ ನಿಲ್ಲಲು ಆಗಲಿಲ್ಲ. ಅಕ್ಕಿ ಒಲೆಯ ಮೇಲಿಟ್ಟು ಬಂದು ನುಡಿಸುತ್ತಿದ್ದೆ, ಅನ್ನ ಸೀದ ವಾಸನೆ ಬಂದರೆ ಎದ್ದು ಹೋಗುತ್ತಿದ್ದೆ, ಹೋದಲ್ಲಿ ಹೊಸದೇನೋ ಹೊಳೆದು ಅನ್ನ ಬಿಟ್ಟು ಮತ್ತೆ ಬರುತ್ತಿದ್ದೆ. ಬೊಗಸೆಯನ್ನು ಸ್ವಲ್ಪ ತೆರೆದರೆ ದನಿ ಹೊರಗೆ ಬರುತ್ತದೆ, ಮುಚ್ಚಿದರೆ ಗುಹೆಯೊಳಗೆ ಹೋಗುತ್ತದೆ. ತೆರೆ, ಮುಚ್ಚು. ಇನಾಸನ ಸೊಸೆ ಬಂದು "ಅತ್ತೀ, ನಿಮ್ಮ ಮನ್ಯಾಗ ಯಾರರೆ ಅಳಾಕತ್ತಾರೇನ್ರಿ?" ಎಂದು ಕೇಳಿ ಹೋದಳು.

ಇಷ್ಟರಲ್ಲಿ ಮಳೆ ಹಿಡಿಯಿತು. ಮೈಕಿನ ದನಿ ದಿನದಿಂದ ದಿನಕ್ಕೆ ಮಂಕಾಯಿತು. ಇನಾಸ ಅದನ್ನು ಕಿವಿಗೊಟ್ಟು ಕೇಳುತ್ತಿದ್ದ. ಮೊದಲು ಅವನಿಗೆ ನನ್ನ ಬಾಜಾ ಎಂದರೆ ತಮಾಷೆ, ತೊಗಲಿಲ್ಲದ ವಾದ್ಯ ವಾದ್ಯವೇ ಅಲ್ಲ ಅನ್ನುತ್ತಿದ್ದವನು. ಈ ಮೈಕು ಬಂದ ಮೇಲೆ ಸುಮ್ಮನೆ ಬಂದು ಕೂರುತ್ತಿದ್ದ.

ಡಮಾಮಿಯನ್ನು ನಾವು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಸುತ್ತೇವೆ. ತಂಡಿಗೆ ತೊಗಲು ಜೋತು ಬೀಳುತ್ತದೆ, ದಬದಬ ಅನ್ನುತ್ತದೆ. ಹುಲ್ಲಿನ ಬೆಂಕಿಯ ಮುಂದೆ ತಿರುಗಿಸಿ ತಿರುಗಿಸಿ ಬಿಸಿ ಮಾಡಿದರೆ ಬಿಗಿಯಾಗಿ, ಬೆರಳು ತಾಕಿದರೆ ಸಾಕು ಟಣ್ಣನೆ ಏಳುತ್ತದೆ. ನಮ್ಮಪ್ಪ ಹಾಗೇ ಮಾಡಿದ, ಅವನಪ್ಪ ಹಾಗೇ ಮಾಡಿದ. ಆ ಸೋಮವಾರ ನಾನು ಗದ್ದೆಯ ಕಡೆ ಹೋಗಿದ್ದೆ. ತಿರುಗಿ ಬಂದರೆ ಇನಾಸ ಡಮಾಮಿಯನ್ನು ಬೆಂಕಿಯ ಮುಂದೆ ಒರಗಿಸಿದ್ದ. ಪಕ್ಕದಲ್ಲಿ ಒಂದು ಹಂಚು. ಹಂಚಿನ ಮೇಲೆ ಸಮೀರನ ಮೈಕು.

"ತಂಡಿ ಹಿಡದಿತ್ತಕ್ಕಾ ಅದಕ್ಕ," ಅಂದ, ತುಂಬ ಪ್ರೀತಿಯಿಂದ. "ಕಾಸೇನಿ. ಈಗ ಬಾರಿಸು, ನೋಡು."

ನುಡಿಸಿದೆ. ಏನೂ ಇಲ್ಲ. ಮಂಕೂ ಇಲ್ಲ, ಚುರುಕೂ ಇಲ್ಲ. ಬಂಡೆಯ ಮುಂದೆ ಮಾತಾಡಿದ ಹಾಗೆ.

ಸುದ್ದಿ ಹೇಳಿ ಕಳಿಸಿದೆವು. ಮರುದಿನವೇ ಸಮೀರ ಬಂದ. ಮೈಕು ಬಿಚ್ಚಿ ನೋಡಿ ಕಟ್ಟೆಯ ಮೇಲೆ ಕುಳಿತ. ಇನಾಸ ಎದುರಿಗೇ ನಿಂತಿದ್ದ.

"ನಾನ ಕಾಸಿದ್ದು, ತಮ್ಮಾ. ಕಾಸಬಾರದಾಗಿತ್ತೇನು?"

"ಕಾಕಾ, ಇದರೊಳಗ ಒಂದು ನಮೂನಿ ಉಪ್ಪಿನ ಹರಳ ಇರ್ತೈತಿ. ಅದ ಕೇಳಸ್ಕೊಳ್ಳೂದು. ಬಿಸಿಗೆ ಕರಗಿ ಹೋತು."

"ಉಪ್ಪಾ?" ಇನಾಸನಿಗೆ ಸಿಟ್ಟೇ ಬಂತು. "ಉಪ್ಪು ನೀರಿಗೆ ಅಂಜತೈತಿ, ಬೆಂಕಿಗೆ ಯಾಕ ಅಂಜತೈತಿ? ಯಾವ ಬೇಕೂಫ ಮಾಡ್ಯಾನ ಇದನ್ನ?"

"ಇದು ಎರಡಕ್ಕೂ ಅಂಜತೈತಿ, ಕಾಕಾ."

"ಹಂಗಾರ ಇದು ನಮ್ಮ ಕಡೆ ಬದುಕೂ ಸಾಮಾನಲ್ಲ, ಬಿಡು," ಅಂದ ಇನಾಸ. ಅಂದವನೇ ಅಂಗಳದ ತುದಿಗೆ ಹೋಗಿ ನಮಗೆ ಬೆನ್ನು ಮಾಡಿ ಕುಳಿತ. ಚಹಾ ಕೊಟ್ಟರೂ ಕುಡಿಯಲಿಲ್ಲ.

ಸಮೀರ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಶನಿವಾರ ಹಾಡುಗಾರರ ಮೈಕಿನಲ್ಲೇ ನುಡಿಸಿಬಿಡಿ, ಏನಾಗುತ್ತೋ ಆಗಲಿ ಅಂದ. ಏನಾಗುತ್ತದೆಂದು ನನಗೆ ಗೊತ್ತಿತ್ತು. ಸೊಳ್ಳೆ ಕೂಗುತ್ತದೆ, ಜನ ಪಕೋಡ ತಿನ್ನುತ್ತಾರೆ, ಮ್ಯಾನೇಜರರು ಲೈನು ತೋರಿಸುತ್ತಾರೆ. ಮತ್ತೆ ಆ ಜಿಗಣೆ ಪಟ್ಟಿ, ಮತ್ತೆ ಮೊಣಕಾಲು, ಸಾಯುವವರೆಗೆ. ಒಮ್ಮೆ ಆ ಪ್ರಾಣಿಯ ದನಿ ಬೆನ್ನ ಹಿಂದೆ ಕೇಳಿದ ಮೇಲೆ ಅದು ಸಾಧ್ಯವಿರಲಿಲ್ಲ. ಬುಧವಾರ ಮೊದಲ ಬಸ್ಸಿಗೆ ಹಳಿಯಾಳಕ್ಕೆ ಹೋದೆ, ಖಾದರಭಾಯಿಯ ಅಂಗಡಿಗೆ.

ಖಾದರಭಾಯಿಯದು ಮೈಕ್ ಸೆಟ್ ಬಾಡಿಗೆ. ಹಳಿಯಾಳದಲ್ಲಿ ಮದುವೆಯಾದವರೆಲ್ಲ ಅವನ ಹಾರ್ನಿನ ಕೆಳಗೇ ಆದವರು. ಮುಂಡಗೋಡದ ಚಿಗಳ್ಳಿಯವರೆಗೂ ಅವನ ಗಾಡಿ ಹೋಗುತ್ತಿತ್ತು. ಮೋಟು ಬೆರಳು, ಬೀಡಿ, ಕಿವಿ ಸ್ವಲ್ಪ ಮಂದ, ಇಷ್ಟು ವರ್ಷ ಹಾರ್ನಿನ ಬುಡದಲ್ಲಿ ನಿಂತದ್ದಕ್ಕೆ.

"ಬರ್ರಿ ಬಾಯಾರ, ಕುಂದರ್ರಿ. ಯಾರ ಮನ್ಯಾಗ ಮದಿವಿ?"

"ಯಾರದೂ ಇಲ್ಲ. ನನಗ ಮೈಕ ಬೇಕು. ಗರಗರ ಅನ್ನೂದು."

"ಏನು?"

ನುಡಿಸಿ ತೋರಿಸಿದೆ, ಬಾಯಲ್ಲಿ ಹೇಳಿದೆ, ಕೈ ಮಾಡಿದೆ. ಅರ್ಥವಾದ ಮೇಲೆ ಅವನು ಬೀಡಿ ಬಾಯಿಂದ ತೆಗೆದ.

"ಯಾ ಅಲ್ಲಾ! ಹುಟ್ಟಿದಾಗಿಂದ ಮೈಕಿನ ಗರಗರ ತಗದು ತಗದು ಹೊಟ್ಟಿ ಹೊರ್ಕೊಂಡಾಂವ ನಾ. ಗರಗರ ಅಂದ್ರ ಬಾಡಗಿ ಕೊಡಂಗಿಲ್ಲ ಮಂದಿ. ನೀವು ನೋಡಿದ್ರ ಗರಗರ ಹಾಕಿ ಕೊಡು ಅಂತೀರಿ!"

ಆದರೂ ಕೈ ಸುಮ್ಮನಿರುವ ಮನುಷ್ಯನಲ್ಲ ಅವನು. ಆ ಇಡೀ ದಿನ ನಾವು ಅವನ ಗುಜರಿ ಪೆಟ್ಟಿಗೆ ಮಗುಚಿ ಹಾಕಿದೆವು. ಟೇಪ್ ರೆಕಾರ್ಡರಿನ ಒಳಗಿನ ಕಡಲೆಕಾಳಿನಷ್ಟು ಮೈಕು ಹಚ್ಚಿ ನೋಡಿದೆವು, ಮತ್ತೆ ತೊಳೆದ ಚಮಚೆ. ಒಡೆದ ಕರಿ ಟೆಲಿಫೋನೊಂದಿತ್ತು. ಅದರ ಮಾತಾಡುವ ಕಡೆಯ ಬಿಲ್ಲೆ ತೆಗೆದು, ಬ್ಯಾಟರಿ ಕೊಟ್ಟು ನೋಡಿದೆವು. ಗರಗರ ಇತ್ತು, ಆದರೆ ಒಳಗೆ ಇದ್ದಿಲ ಪುಡಿ ಇರುತ್ತದಂತೆ, ಕೈ ಅಲುಗಿದರೆ ಸಾಕು ಬಾಣಲೆಗೆ ಸಾಸಿವೆ ಬಿದ್ದ ಹಾಗೆ ಚಟಪಟ. ಅದನ್ನು ಬದಿಗಿಟ್ಟು ಖಾದರಭಾಯಿ ಬೀಡಿ ಹೊತ್ತಿಸಿದ. ನನಗೆ ಸುಮ್ಮನೆ ಕೂರಲಾಗದೆ ಅದೇ ಟೆಲಿಫೋನಿನ ಇನ್ನೊಂದು ತುದಿಯ ಮುಚ್ಚಳ ತಿರುವಿದೆ. ಅದರಲ್ಲೂ ಒಂದು ಬಿಲ್ಲೆ.

"ಅದು ಕಿವಿ ಬಾಯಾರ. ಕೇಳೂದು. ಮಾತಾಡೂದಲ್ಲ."

"ಕೇಳೂದ ಬೇಕಲ್ಲ ನಮಗ. ಮೈಕಿನ ಕೆಲಸ ಕೇಳೂದ ಹೌದಿಲ್ಲೋ?"

ನಾನು ತಲೆ ಓಡಿಸಿ ಹೇಳಿದ್ದಲ್ಲ, ಬೇಸರಕ್ಕೆ ಹೇಳಿದ್ದು. ಖಾದರಭಾಯಿ ಮಾತ್ರ ನನ್ನನ್ನೇ ನೋಡಿದ. ಬೀಡಿ ಆರಿಸಿ, ಎರಡು ತಂತಿ ಬೆಸೆದು ಕೊಟ್ಟ. ಒಳಗೆ ಅಯಸ್ಕಾಂತ ಇರುತ್ತದಂತೆ, ತಂತಿಯ ಸುರುಳಿ ಇರುತ್ತದಂತೆ. ಕರೆಂಟು ಕೊಟ್ಟರೆ ನುಡಿಯುತ್ತದೆ, ನುಡಿದರೆ ಕರೆಂಟು ಕೊಡುತ್ತದೆ. ನನಗೆ ಅದೆಲ್ಲ ಇನ್ನೂ ಪೂರ್ತಿ ತಿಳಿದಿಲ್ಲ. ಉಪ್ಪು ಇಲ್ಲವಷ್ಟೇ ಎಂದು ಕೇಳಿಕೊಂಡೆ. ಉಪ್ಪೂ ಇಲ್ಲ, ಸಕ್ಕರೆಯೂ ಇಲ್ಲ ಅಂದ.

ಅಟ್ಟದ ಮೇಲಿಂದ ಹಳೆಯ ಆಂಪ್ಲಿಫೈಯರ್ ಇಳಿಸಿದ, ಒಳಗೆ ಗಾಜಿನ ವಾಲ್ವು ಇರುವಂಥದು. ಅದು ಎಚ್ಚರಾಗಲು ಹೊತ್ತು ಹಿಡಿಯುತ್ತದೆ. ಕೆಂಪಗೆ ಕಾದ ಮೇಲೆ ಬಿಲ್ಲೆಯನ್ನು ಬೊಗಸೆಯಲ್ಲಿಟ್ಟು ಎಳೆದೆ.

ಪ್ರಾಣಿ ಬಂತು. ಮೊದಲಿನದಲ್ಲ, ಬೇರೆಯದು. ಇದು ಸ್ವಲ್ಪ ಸಣ್ಣದು, ಸಿಟ್ಟು ಹೆಚ್ಚು. ಎದುರಿನ ಕಿರಾಣಿ ಅಂಗಡಿಯವನು ಎದ್ದು ಬಾಗಿಲಿಗೆ ಬಂದು "ಖಾದರಭಾಯಿ, ಲಾರಿ ಹಾರ್ನ್ ಬಂದೈತೇನು?" ಎಂದು ಕೇಳಿದ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದೆ.

ಇನ್ನು ಅದನ್ನು ಕೂರಿಸಲು ಒಂದು ಮನೆ ಬೇಕು. ಸ್ಟೀಲಿನ ಲೋಟದಲ್ಲಿಟ್ಟರೆ ಗಂಟೆಯ ಹಾಗೆ ಮೊಳಗಿತು. ತೆಂಗಿನ ಕರಟ ದನಿಗೆ ಚೆನ್ನಾಗಿತ್ತು, ಆದರೆ ಖಾದರಭಾಯಿ ತೂತು ಕೊರೆಯುವಾಗ ಎರಡು ಹೋಳಾಯಿತು, ಎರಡನೆಯದೂ ಹಾಗೇ. ಕೊನೆಗೆ ಅವನ ಹಳೆಯ ಸೈಕಲ್ಲಿನ ಡೈನಮೋ ದೀಪ ಕಣ್ಣಿಗೆ ಬಿತ್ತು. ಅಂಗೈಗೆ ಸರಿಯಾಗುವ ಬಟ್ಟಲು, ಹಿಂದೆ ತಂತಿಗೆ ತೂತು ಮೊದಲೇ ಇದೆ, ಮುಂದೆ ಗಾಜು ಕೂರುವ ಅಂಚು. ಗಾಜು ತೆಗೆದು ಅಲ್ಲಿ ಟೆಲಿಫೋನಿನ ಕಿವಿ ಕೂರಿಸಿದೆವು. ಹಿಂದೆ ಕಂಬಳಿಯ ಚೂರು ತುರುಕಿದೆವು. ದೀಪದ ಗುಂಡಿ ಇದ್ದಲ್ಲಿ ರೇಡಿಯೋದ ಗುಂಡಿ ಹಾಕಿದೆವು, ಸ್ಪೀಕರು ಕಿರುಚಿದರೆ ನನ್ನ ಕಿರುಬೆರಳಿನಿಂದಲೇ ಇಳಿಸಲಿಕ್ಕೆ. ಅಂಚಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದೆವು, ಗಾಳಿ ಸೋರದ ಹಾಗೆ. ಕೊನೆಯ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕುಳಿತ ಉಳವಿಯ ಹೆಂಗಸು, ಸೈಕಲ್ ಕಳೆದುಹೋಯಿತೇ ಎಂದು ಕೇಳಿದಳು.

ಶನಿವಾರ ಖಾದರಭಾಯಿಯ ವಾಲ್ವಿನ ಡಬ್ಬಿ ಟೆಂಪೋದಲ್ಲಿ ನಮ್ಮ ಜೊತೆ ಬಂತು. ಇನಾಸ ರೆಸಾರ್ಟಿನ ಹಿತ್ತಲಲ್ಲಿ ಡಮಾಮಿ ಕಾಸಿದ. ನಾನು ಕುಳಿತ ಕಡೆ ಹಾಯುವಾಗೆಲ್ಲ ಎರಡೂ ಕೈ ಬೆನ್ನಿನ ಹಿಂದೆ ಕಟ್ಟಿಕೊಂಡೇ ಹಾಯ್ದ. ಕುರ್ಚಿಗೆ ಕೈ ಇರಲಿಲ್ಲ. ಮ್ಯಾನೇಜರರು ಅಷ್ಟು ನೆನಪಿಟ್ಟಿದ್ದರು.

ತಗಡಿನ ಚಪ್ಪರದ ಕೆಳಗೆ ಮಂದಿ ಪಕೋಡ ತಿನ್ನುತ್ತಿದ್ದರು. ಸಮೀರ ಗಿಟಾರಿನಲ್ಲಿ ಸುಮ್ಮನೆ ನಡೆದ, ಒಂದೇ ದಾರಿ, ಹೋಗುವುದು ಬರುವುದು. ಡ್ರಮ್ಮಿನವನ ಜೊತೆಗೆ ಇನಾಸನೂ ಸೇರಿಕೊಂಡ, ಯಾರೂ ಕರೆಯದೆ. ನಾನು ಕಾದೆ. ಕಾಯುವುದು ನನಗೆ ಬರುವುದಿಲ್ಲ, ಆದರೂ ಕಾದೆ. ಆಮೇಲೆ ಎಳೆದೆ.

ಜನ ಎದ್ದು ಚಪ್ಪಾಳೆ ತಟ್ಟಿದರು, ಅತ್ತರು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಮುಂದಿನ ಮೇಜಿನ ಗಂಡಸು ಸಾಸಿನ ಬಾಟಲಿ ಹಿಡಿದವನು ಹಾಗೇ ತಿರುಗಿದ. ಅವನ ಹಿಂದಿನವರು ತಿರುಗಿದರು. ಪಾತ್ರೆ ತೊಳೆಯುವವಳು ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಈ ಸಲ ಬಾಗಿಲ ಮರೆಗೆ ಹೋಗಲಿಲ್ಲ, ಹಾಡು ಮುಗಿಯುವವರೆಗೂ ಅಲ್ಲೇ ನಿಂತಳು. ನಡುವೆ ಕೈ ಬೆವರಿ ರಬ್ಬರು ಜಾರಿತು, ಗಾಳಿ ಸೋರಿತು, ಸ್ಪೀಕರು ಒಮ್ಮೆ ಕುಂಯ್ ಎಂದಿತು. ಕಿರುಬೆರಳಿನಿಂದ ಇಳಿಸಿದೆ. ಸ್ವರ ತೆಳ್ಳಗಾಯಿತು, ಮತ್ತೆ ಬೊಗಸೆ ಬಿಗಿ ಹಿಡಿದು ಹಿಂದಕ್ಕೆ ತಂದೆ. ಮುಗಿಯುವಷ್ಟರಲ್ಲಿ ನನ್ನ ಬೆರಳು ಮರಗಟ್ಟಿದ್ದವು.

ಮ್ಯಾನೇಜರರು ಓಡಿಬಂದರು. ಮುಖ ಅರಳಿತ್ತು.

"ಅಜ್ಜಿ, ಸೂಪರ್! ನಾನು ಅಂದುಕೊಂಡೇ ಇರಲಿಲ್ಲ. ಮುಂದಿನ ವಾರದಿಂದ ಕುರ್ಚಿ ನಿಮ್ಮದೇ, ನಡುಮಧ್ಯ ಹಾಕಿಸ್ತೀನಿ."

"ಆತ್ರಿ."

"ಒಂದೇ ಒಂದು. ಬರೀ ಸೀರೆಯಲ್ಲಿ ಕೂತರೆ ಯಾರೋ ಅಡುಗೆಯವರು ಅನ್ಸುತ್ತೆ. ಸೊಪ್ಪಿನ ಲಂಗ ಹಾಕ್ಕೊಂಡು ಕೂತ್ಕೊಳ್ಳಿ. ಫೋಟೋ ತುಂಬ ಚೆನ್ನಾಗಿ ಬರುತ್ತೆ."

ಮೈಕಿನ ತಂತಿ ಸುತ್ತಿಕೊಳ್ಳತೊಡಗಿದೆ. ಸಮೀರ ಏನೋ ಹೇಳಲು ಬಾಯಿ ತೆರೆದ. ಬೇಡ ಎಂದು ಕೈ ಮಾಡಿದೆ. ಟೆಂಪೋದಲ್ಲಿ ಮೈಕನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕುಳಿತೆ. ಇನಾಸ ಕೇಳಿದ.

"ಯಾಕಕ್ಕಾ, ಬಾಯಿ ಕಟ್ಟೈತಲ್ಲ? ಗೆದ್ದಿಯಲ್ಲ ನೀ."

"ಸೋರ್ತೈತಿ," ಅಂದೆ. "ಈ ಟ್ಯೂಬಿನ ರಬ್ಬರ ಬರಂಗಿಲ್ಲ. ಬೆವರಿಗೆ ಜಾರತೈತಿ. ಅಗಲಂದು ಬೇಕು, ಬಿಗಿ ಹಿಡಿಯೂದು."

"ಮ್ಯಾನೇಜರ್ ಹೇಳಿದ್ದಕ್ಕ ಏನ್ ಮಾಡ್ತಿ?"

"ಅದನ್ನ ವಿಚಾರ ಮಾಡಾಕತ್ತೇನಿ."

ಮೊನ್ನೆ ಸಂತೆಯಿಂದ ತಂದ ಟೆಲಿಫೋನಿನ ಕಿವಿಯನ್ನು ನಿನ್ನೆ ಬಿಚ್ಚಿ ದೀಪದೊಳಗೆ ಕೂರಿಸಿದೆ. ಹಳೆಯದು ಇತ್ತೀಚೆಗೆ ದಣಿದಿತ್ತು. ಖಾದರಭಾಯಿಗೆ ಈಗ ಕಣ್ಣು ಕಾಣುವುದಿಲ್ಲ, ಬೆಸುಗೆ ನಾನೇ ಹಾಕುತ್ತೇನೆ, ಎರಡು ಬೆರಳು ಸುಟ್ಟುಕೊಂಡಿದ್ದೇನೆ. ಹೊಸ ಕಿವಿಯ ದನಿ ನನಗಿನ್ನೂ ಒಪ್ಪಿಗೆಯಾಗಿಲ್ಲ. ಸ್ವಲ್ಪ ಸಭ್ಯವಾಗಿದೆ. ಬೆಳಿಗ್ಗೆಯಿಂದ ಬಿಚ್ಚುತ್ತೇನೆ, ಮುಚ್ಚುತ್ತೇನೆ, ಕಂಬಳಿ ತೆಗೆದು ಗೋಣಿಚೀಲದ ಚೂರು ತುರುಕುತ್ತೇನೆ, ಇದನ್ನು ಬರೆಯುತ್ತಿರುವಾಗಲೇ ಮೂರು ಸಲ ಎದ್ದು ಹೋದೆ. ಒಮ್ಮೆ ಸರಿಹೋದರೆ ಕೈಗೆ ಕೆಲಸವಿರುವುದಿಲ್ಲ ಎಂಬ ಹೆದರಿಕೆಯೂ ಇರಬಹುದು. ಬರುವ ಶನಿವಾರ ಸಮೀರ ಬರುತ್ತಾನೆ, ಇನಾಸ ಕೈ ಬೆನ್ನಿಗೆ ಕಟ್ಟಿಕೊಂಡು ಹಾಯುತ್ತಾನೆ, ನಾನು ಸೀರೆಯಲ್ಲಿ ಕುಳಿತು ನುಡಿಸುತ್ತೇನೆ. ದೀಪದ ಬಟ್ಟಲು ಅದೇ. ಅದರ ಸುತ್ತಿನ ಪಟ್ಟಿಯೂ ಅದೇ, ಏಳು ವರ್ಷವಾದರೂ ಸಡಿಲಾಗಿಲ್ಲ.

ಆ ಹಾಡಿನ ಮರುದಿನ ಭಾನುವಾರ. ಇಗರ್ಜಿಯ ಗಂಟೆ ಹೊಡೆಯುವ ಮೊದಲೇ ಎದ್ದೆ. ಮಂಚದ ಕೆಳಗಿನ ಗಂಟು ಎಳೆದು, ಬಿಚ್ಚಿ, ಆರರಲ್ಲಿ ನನ್ನ ಲಂಗ ಯಾವುದೆಂದು ಹುಡುಕಿದೆ. ಕುಡುಗೋಲು ತಂದು ಸೊಂಟದ ಇಲಾಸ್ಟಿಕ್ ಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೊಯ್ದೆ. ಸೊಪ್ಪನ್ನು ಆಡಿನ ಮುಂದೆ ಹಾಕಿದೆ. ಅದು ಮೂಸಿ ನೋಡಿ ಮುಖ ತಿರುಗಿಸಿತು. ಪಟ್ಟಿ ದೀಪದ ಅಂಚಿಗೆ ಎರಡು ಸುತ್ತು ಬಂತು. ಜಿಗಣೆಯ ಹಾಗೆ ಹಿಡಿಯಿತು. ಅಂಗಳದಲ್ಲಿ ನಿಂತು ಬಾಜಾ ಇಟ್ಟು, ಬೊಗಸೆ ಮುಚ್ಚಿ, ಎಳೆದೆ. ಸೋರಲಿಲ್ಲ.